ಗುಂಡಿ ತೋಡುವ ಮೊದಲು ಮಣ್ಣಿನ ಮಾತು ಕೇಳೋಣ

ಮಲೆನಾಡಿನಲ್ಲಿ ಬಾವಿ ತೋಡಿಸಬೇಕಾದರೆ ನೀರು ನೋಡುವವರನ್ನು ಕರೆಸುತ್ತೇವೆ. ಮನೆ ಕಟ್ಟಿಸಬೇಕಾದರೆ ಆಯ ನೋಡಿಸುತ್ತೇವೆ. ಅಡಿಕೆ ಸಸಿ ನೆಡಬೇಕಾದರೆ ಮಣ್ಣಿನ ಮಾದರಿಯನ್ನು ಚೀಲದಲ್ಲಿ ಕಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯುತ್ತೇವೆ. ಆದರೆ ಶೌಚಾಲಯದ ಗುಂಡಿ ಎಲ್ಲಿ ಬರಬೇಕೆಂದು ತೀರ್ಮಾನಿಸುವವರು ಯಾರು? ಬಹಳಷ್ಟು ಮನೆಗಳಲ್ಲಿ ಜೆಸಿಬಿಯ ಚಾಲಕ! ಯಂತ್ರ ತಿರುಗಲು ಎಲ್ಲಿ ಜಾಗವಿದೆಯೋ ಅಲ್ಲಿ ಗುಂಡಿ. ಗುಂಡಿಯೊಳಗೆ ನಾಲ್ಕು ಸಿಮೆಂಟ್ ರಿಂಗು, ಮೇಲೊಂದು ಮುಚ್ಚಳ. ಅಲ್ಲಿಗೆ ಕೆಲಸ ಮುಗಿಯಿತು. ಒಳಗೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರಿಲ್ಲ.

ಇದನ್ನು ಇತರರ ತಪ್ಪೆಂದು ಬರೆಯಲು ನನಗೆ ಅಧಿಕಾರವಿಲ್ಲ. ಈ ತಪ್ಪನ್ನು ಮೊದಲು ಮಾಡಿದವನು ನಾನೇ. ಎರಡು ದಶಕಗಳಿಂದ ಮಣ್ಣನ್ನೇ ಓದುತ್ತ ಬಂದವನು ನಾನು; ಡಾಕ್ಟರೇಟ್ ಪದವಿ ಸಿಕ್ಕಿದ್ದೂ ಮಣ್ಣಿನ ಅಧ್ಯಯನಕ್ಕೇ. ನೂರಾರು ರೈತರ ತೋಟದ ಮಣ್ಣಿನ ಹುಳಿ, ಸಾರಜನಕ, ಪೊಟ್ಯಾಷ್‌ಗಳನ್ನು ಅಳೆದು ಸಲಹೆ ಕೊಟ್ಟಿದ್ದೇನೆ. ಆದರೆ 2014ರಲ್ಲಿ ಗುಡ್ಡದ ಮಗ್ಗುಲಲ್ಲಿ ನನ್ನದೇ ಮನೆ ಕಟ್ಟಿಸುವಾಗ, ಸೆಪ್ಟಿಕ್ ಟ್ಯಾಂಕಿನ ನೀರು ಇಳಿಯಬೇಕಾದ ಜಾಗದ ಮಣ್ಣನ್ನು ಒಂದು ಹಿಡಿಯಷ್ಟಾದರೂ ಎತ್ತಿ ನೋಡಲಿಲ್ಲ. ಗುತ್ತಿಗೆ ಹಿಡಿದವರು ತೋರಿಸಿದ ಜಾಗಕ್ಕೆ ತಲೆಯಾಡಿಸಿದೆ. ಹತ್ತಿರದ ಬಾವಿಗೂ ಗುಂಡಿಗೂ ಎಷ್ಟು ದೂರವೆಂದು ಮಾತ್ರ ಅಳೆದೆ. 21 ಮೀಟರ್ ಇತ್ತು. ಭಾರತೀಯ ಮಾನಕ ಬ್ಯೂರೋದ ಸಂಹಿತೆ ಹೇಳುವುದು 18 ಮೀಟರ್. ನಿಯಮಕ್ಕಿಂತ 3 ಮೀಟರ್ ಹೆಚ್ಚೇ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಆ ಬಾವಿ ನಮ್ಮದಲ್ಲ, ಕೆಳಗಿನ ಮನೆಯವರದು.

ಎರಡು ವರ್ಷ ಕಳೆಯಿತು. ಆಶ್ಲೇಷ ಮಳೆ ಹಿಡಿದು ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ಕೆಳಗಿನ ಮನೆಯ ಅಕ್ಕ ಕೊಪ್ಪೆ ಸೂಡಿಕೊಂಡು ಬಂದು ಜಗಲಿಯ ಮೇಲೆ ಕುಳಿತರು. ಆಚೀಚೆಯ ಮಾತಾದ ಮೇಲೆ ಮೆಲ್ಲನೆ ಹೇಳಿದರು: "ತಮ್ಮಾ, ಬೇಜಾರು ಮಾಡ್ಕೋಬೇಡ. ನಮ್ಮ ಬಾವಿ ನೀರಿಗೆ ಈ ಮಳೆಗಾಲ ಒಂಥರಾ ವಾಸನೆ. ಕೊಡಪಾನದಲ್ಲಿ ನೊರೆ ಬರ್ತದೆ. ಮೊಮ್ಮಗನಿಗೆ ಭೇದಿ ನಿಲ್ಲೂದೇ ಇಲ್ಲ."

ಅವರು ಯಾರನ್ನೂ ದೂರಲಿಲ್ಲ. ಆದರೆ ಆ ಮಾತಿನ ದಿಕ್ಕು ನನಗೆ ತಿಳಿಯಿತು. ಮರುದಿನ ಬಾವಿಯ ನೀರನ್ನು ಪರೀಕ್ಷೆಯ ಸೀಸೆಯಲ್ಲಿ ತುಂಬಿಟ್ಟೆ. ಮಲಮೂಲದ ಮಾಲಿನ್ಯವಿದ್ದರೆ ಕಪ್ಪಾಗುವ ಸೀಸೆ ಅದು. ಒಂದೇ ರಾತ್ರಿಯಲ್ಲಿ ಕಪ್ಪಾಯಿತು. ಅನುಮಾನ ಉಳಿಯಬಾರದೆಂದು, ಅಂತರ್ಜಲದ ಜಾಡು ಹಿಡಿಯಲು ಸಂಶೋಧಕರು ಬಳಸುವ ಫ್ಲೂರೆಸೀನ್ ಎಂಬ ಹಸಿರು ಬಣ್ಣವನ್ನು, ಅಕ್ಕನ ಒಪ್ಪಿಗೆ ಪಡೆದೇ, ನಮ್ಮ ಶೌಚಾಲಯದಲ್ಲಿ ಸುರಿದೆ. ಆ ದಿನಗಳಲ್ಲಿ ಅವರ ಮನೆಗೆ ಕುಡಿಯುವ ನೀರನ್ನು ಬೇರೆಡೆಯಿಂದ ತರಿಸಿದೆವು. ಮೂರನೆಯ ದಿನ ಬೆಳಿಗ್ಗೆ ಅವರ ಬಾವಿಯ ನೀರು ಎಳೆಹಸಿರಾಗಿ ಹೊಳೆಯುತ್ತಿತ್ತು.

21 ಮೀಟರ್ ದೂರ ಏನನ್ನೂ ಕಾಪಾಡಲಿಲ್ಲ. ಏಕೆ? ಅದಕ್ಕೆ ಉತ್ತರ ಮಣ್ಣಿನಲ್ಲಿತ್ತು.

ಸೆಪ್ಟಿಕ್ ಟ್ಯಾಂಕ್ ಮಾಡುವುದೆಷ್ಟು, ಮಣ್ಣು ಮಾಡುವುದೆಷ್ಟು?

ಸೆಪ್ಟಿಕ್ ಟ್ಯಾಂಕ್ ಎಂದರೆ ಕೊಳೆಯನ್ನು ಶುದ್ಧ ಮಾಡುವ ಯಂತ್ರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾಸ್ತವದಲ್ಲಿ ಅದು ಮಾಡುವುದು ಅರ್ಧ ಕೆಲಸ ಮಾತ್ರ. ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಒಂದಷ್ಟನ್ನು ಕರಗಿಸುತ್ತವೆ. ನಡುವಿನಿಂದ ಹೊರಹರಿಯುವ ನೀರಿನಲ್ಲಿ ರೋಗಾಣುಗಳು ಲಕ್ಷಗಟ್ಟಲೆ ಜೀವಂತವಾಗಿಯೇ ಇರುತ್ತವೆ. ನಿಜವಾದ ಶುದ್ಧೀಕರಣ ನಡೆಯುವುದು ಆ ನೀರು ಮಣ್ಣಿಗಿಳಿದ ಮೇಲೆ.

ಮಣ್ಣಿನ ಕಣಗಳ ನಡುವೆ ಗಾಳಿ ಇರುವವರೆಗೆ ನೀರು ತೆಳುವಾದ ಪೊರೆಯಾಗಿ ನಿಧಾನವಾಗಿ ಇಳಿಯುತ್ತದೆ. ಬ್ಯಾಕ್ಟೀರಿಯಾಗಳು ಸೋಸಿಹೋಗುತ್ತವೆ, ಜೇಡಿಕಣಗಳಿಗೆ ವೈರಸ್ಸುಗಳು ಅಂಟಿಕೊಳ್ಳುತ್ತವೆ, ಮಣ್ಣಿನದೇ ಜೀವಿಗಳು ಅವನ್ನು ತಿಂದು ಮುಗಿಸುತ್ತವೆ. ಇದಕ್ಕೆ ಬೇಕಾದದ್ದು ಸಮಯ ಮತ್ತು ಗಾಳಿ. ನೀರು ಅತಿ ವೇಗವಾಗಿ ಓಡಿದರೆ ಸಮಯವಿಲ್ಲ. ಮಣ್ಣು ನೀರಿನಿಂದ ತುಂಬಿದ್ದರೆ ಗಾಳಿಯಿಲ್ಲ. ಎರಡರಲ್ಲಿ ಯಾವುದು ತಪ್ಪಿದರೂ ನಾವು ಕಟ್ಟಿದ್ದು ಶೌಚಾಲಯವಲ್ಲ, ಬಾವಿಗೆ ಕೊಳೆ ತಲುಪಿಸುವ ಕೊಳವೆ!

ಮಲೆನಾಡಿನ ಮಣ್ಣು ಎರಡೂ ಬಗೆಯಲ್ಲಿ ಮೋಸ ಮಾಡಬಲ್ಲದು. ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ, ಮಲಬಾರಿನಲ್ಲಿ ಕಂಡ ಕೆಂಪು ಮಣ್ಣುಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಹೆಸರದು. ನಮ್ಮ ಹಿರಿಯರು ಅದನ್ನು ಜಂಬಿಟ್ಟಿಗೆ ಎಂದರು. ಅದರಲ್ಲಿಯೂ ಇಟ್ಟಿಗೆ ಇದೆ. ಕರಾವಳಿಯ ಕಡೆ ಮುರಕಲ್ಲು, ಉತ್ತರ ಕನ್ನಡದಲ್ಲಿ ಚಿರೇಕಲ್ಲು. ಹೆಸರು ಯಾವುದಾದರೂ ಅದರ ಮೈತುಂಬ ತೂತು, ಬಿರುಕು, ಸುರಂಗಗಳು. ಕಾಸರಗೋಡು, ದಕ್ಷಿಣ ಕನ್ನಡದ ಕೃಷಿಕರು ಇದೇ ಗುಡ್ಡಗಳಲ್ಲಿ ಅಡ್ಡಸುರಂಗ ಕೊರೆದು ಕುಡಿಯುವ ನೀರು ಪಡೆದದ್ದು ಜಂಬಿಟ್ಟಿಗೆಯ ಈ ಗುಣದಿಂದಲೇ. ಒಳ್ಳೆಯ ನೀರನ್ನು ಹಾದಿ ಬಿಟ್ಟುಕೊಡುವ ಕಲ್ಲು ಕೊಳೆನೀರಿಗೂ ಹಾದಿ ಬಿಡುತ್ತದೆ. ಅದರ ಕೆಳಗೆ ಬಹಳ ಕಡೆ ನುಣುಪಾದ ಶೇಡಿಮಣ್ಣಿನ ಪದರ. ಮೇಲಿನಿಂದ ಧುಮುಕಿ ಬಂದ ನೀರು ಅಲ್ಲಿ ತಡೆದು, ಇಳಿಜಾರು ಹಿಡಿದು ಅಡ್ಡಡ್ಡ ಸಾಗಿ ಕೆಳಗಿನ ಬಾವಿಯಲ್ಲೋ ಒರತೆಯಲ್ಲೋ ತೋಟದ ಕಾಲುವೆಯಲ್ಲೋ ಹೊರಬೀಳುತ್ತದೆ. ನಮ್ಮ ಮನೆಯ ಹಸಿರು ಬಣ್ಣ ಹಿಡಿದ ದಾರಿ ಇದೇ.

ಎರಡು ದಿನದ ಪರೀಕ್ಷೆ

ಒಂದು ಜಾಗದ ಮಣ್ಣು ಕೊಳೆನೀರನ್ನು ಹೀರಿ ಸೋಸಬಲ್ಲದೇ ಎಂದು ತಿಳಿಯಲು ಪ್ರಯೋಗಾಲಯ ಬೇಡ. ಹಾರೆ, ಬಕೆಟ್ಟು, ಅಳತೆಪಟ್ಟಿ, ಗಡಿಯಾರ ಇದ್ದರೆ ಸಾಕು. 1920ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಹೆನ್ರಿ ರಯಾನ್ ರೂಢಿಗೆ ತಂದ ಇಂಗು ಪರೀಕ್ಷೆಯನ್ನು ಅಲ್ಪಸ್ವಲ್ಪ ವ್ಯತ್ಯಾಸದೊಂದಿಗೆ ಇಂದಿಗೂ ಅನೇಕ ದೇಶಗಳು ಬಳಸುತ್ತವೆ. ನಮ್ಮ ಮಾನಕ ಬ್ಯೂರೋದ 2470ನೆಯ ಸಂಖ್ಯೆಯ ಸಂಹಿತೆಯ ಎರಡನೆಯ ಭಾಗದಲ್ಲಿ ಅದರ ವಿಧಾನವಿದೆ. ಹೈಸ್ಕೂಲು ವಿದ್ಯಾರ್ಥಿಗಳೂ ಮಾಡಬಹುದು.

ಕೊಳೆನೀರು ಇಂಗಿಸಬೇಕೆಂದಿರುವ ಜಾಗದಲ್ಲಿ, ಇಂಗಿಸುವ ಆಳಕ್ಕೇ, 10ರಿಂದ 30 ಸೆಂಟಿಮೀಟರ್ ಅಗಲದ ಕುಳಿ ತೆಗೆಯಿರಿ. ಹಾರೆ ತಾಗಿ ನುಣುಪಾದ ಗೋಡೆಗಳನ್ನು ಚೂಪಾದ ಕಡ್ಡಿಯಿಂದ ಕೆರೆದು ಮಣ್ಣಿನ ಸಹಜ ಮೈ ಕಾಣುವಂತೆ ಮಾಡಿ. ಉದುರಿದ ಮಣ್ಣನ್ನು ಎತ್ತಿಹಾಕಿ ತಳದಲ್ಲಿ 5 ಸೆಂಟಿಮೀಟರ್ ದಪ್ಪಕ್ಕೆ ಸಣ್ಣ ಜಲ್ಲಿ ಹರಡಿ. ಅದರ ಮೇಲೆ 30 ಸೆಂಟಿಮೀಟರ್ ನೀರು ನಿಲ್ಲುವಂತೆ ತುಂಬಿಸಿ, ಇಳಿದಂತೆಲ್ಲ ಮತ್ತೆ ತುಂಬಿಸುತ್ತ ಒಂದು ರಾತ್ರಿ ಮಣ್ಣನ್ನು ನೆನೆಯಲು ಬಿಡಿ. ಈ ನೆನೆಸುವ ಕೆಲಸವನ್ನು ಬಿಡಲೇಬಾರದು. ಒಣಮಣ್ಣು ಮೊದಲಿಗೆ ಬಾಯಾರಿದ ಎತ್ತಿನಂತೆ ನೀರು ಕುಡಿಯುತ್ತದೆ. ಅದನ್ನು ನಂಬಿದರೆ ಕೆಟ್ಟೆವು.

ಮರುದಿನ ಜಲ್ಲಿಯ ಮೇಲೆ 15 ಸೆಂಟಿಮೀಟರ್ ನೀರು ನಿಲ್ಲಿಸಿ. ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತೆಂದು ಬರೆದುಕೊಂಡು ಮತ್ತೆ ಮೊದಲಿನ ಮಟ್ಟಕ್ಕೆ ತುಂಬಿಸಿ. ನಾಲ್ಕು ಗಂಟೆ ಹೀಗೆ ಮಾಡಿ ಕೊನೆಯ ಅರ್ಧ ಗಂಟೆಯ ಇಳಿತವನ್ನು ಲೆಕ್ಕಕ್ಕೆ ಹಿಡಿಯಿರಿ. ಮರಳುಮಣ್ಣಾದರೆ ಹತ್ತು ನಿಮಿಷಕ್ಕೊಮ್ಮೆಯಂತೆ ಒಂದು ಗಂಟೆ ಅಳೆದರೆ ಸಾಕು. ನೀರು 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕು ಎಂಬುದೇ ಆ ಮಣ್ಣಿನ ಇಂಗುದರ. ಉದಾಹರಣೆಗೆ 30 ನಿಮಿಷದಲ್ಲಿ 15 ಮಿಲಿಮೀಟರ್ ಇಳಿದಿದ್ದರೆ ಇಂಗುದರ 50 ನಿಮಿಷ.

60 ನಿಮಿಷಕ್ಕಿಂತ ಹೆಚ್ಚಾದರೆ ಆ ಮಣ್ಣು ಹೀರಲಾರದು. ಕೊಳೆನೀರು ಮೇಲೆ ಉಕ್ಕುತ್ತದೆ. ಇದು ಎಲ್ಲರಿಗೂ ಅರ್ಥವಾಗುವ ಸೋಲು, ಏಕೆಂದರೆ ನಮ್ಮ ಅಂಗಳದಲ್ಲೇ ನಾರುತ್ತದೆ. ಇನ್ನೊಂದು ಸೋಲು ಕಣ್ಣಿಗೆ ಬೀಳುವುದಿಲ್ಲ. 25 ಮಿಲಿಮೀಟರ್ ಇಳಿಯಲು ಒಂದು ನಿಮಿಷವೂ ಹಿಡಿಯದಿದ್ದರೆ ಆ ಮಣ್ಣು ಸೋಸುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 1980ರ ಕೈಪಿಡಿ ಅಂಥ ಮಣ್ಣನ್ನು ಸಾಮಾನ್ಯ ಇಂಗುವ್ಯವಸ್ಥೆಗೆ ಅಯೋಗ್ಯವೆಂದೇ ಪರಿಗಣಿಸಿದೆ. ನಮ್ಮಲ್ಲಿ ಮಾತ್ರ ಅಂಥ ಗುಂಡಿಗೆ ಹೊಗಳಿಕೆ: "ನಮ್ಮ ಗುಂಡಿ ಇಪ್ಪತ್ತು ವರ್ಷವಾದರೂ ತುಂಬಿಲ್ಲ ಮಾರಾಯರೇ!" ತುಂಬದ ಗುಂಡಿ ಒಳ್ಳೆಯ ಗುಂಡಿಯೆಂದು ಹೆಮ್ಮೆಪಡುವ ಮೊದಲು, ಅದರೊಳಗಿನದು ಇಪ್ಪತ್ತು ವರ್ಷ ಎಲ್ಲಿಗೆ ಹೋಯಿತೆಂದು ಒಮ್ಮೆ ಕೇಳಿಕೊಳ್ಳಬೇಡವೇ?

ನಾನು ಈ ಪರೀಕ್ಷೆ ಮಾಡಿದ್ದು ತಪ್ಪು ನಡೆದ ಮೇಲೆ. ನಮ್ಮ ಅರ್ಧ ಎಕರೆ ಹಿತ್ತಿಲಿನಲ್ಲಿ ಮೂರು ಕುಳಿ ತೆಗೆದೆ. ಹಳೆಯ ಗುಂಡಿಯ ಪಕ್ಕದ ಕುಳಿಯಲ್ಲಿ ನೀರು ಒಂದು ನಿಮಿಷಕ್ಕೆ 50 ಮಿಲಿಮೀಟರ್ ಇಳಿಯಿತು. ಇಂಗುದರ ಅರ್ಧ ನಿಮಿಷ. ಕೊಟ್ಟಿಗೆಯ ಹಿಂದಿನ ಶೇಡಿಮಣ್ಣಿನಲ್ಲಿ ಅರ್ಧ ಗಂಟೆಗೆ 6 ಮಿಲಿಮೀಟರ್. ಇಂಗುದರ 125 ನಿಮಿಷ. ಬ್ಯಾಣದ ಅಂಚಿನ ಹ್ಯೂಮಸ್ ಬೆರೆತ ಕೆಂಪುಗೋಡಿನಲ್ಲಿ ಅರ್ಧ ಗಂಟೆಗೆ 40 ಮಿಲಿಮೀಟರ್. ಸುಮಾರು 19 ನಿಮಿಷ. ಒಂದೇ ಹಿತ್ತಿಲು, ಮೂರು ಮಣ್ಣು, ಮೂರು ಉತ್ತರ! ಮೂರನೆಯ ಜಾಗದಲ್ಲಿ ಆಳದ ಗುಂಡಿಯ ಬದಲು, ಇಳಿಜಾರಿಗೆ ಅಡ್ಡವಾಗಿ ಸಮಪಾತಳಿಯಲ್ಲಿ ಮೊಣಕಾಲೆತ್ತರದ ಇಂಗುಕಾಲುವೆಗಳನ್ನು ಮಾಡಿಸಿದೆ. ಕೆಳಗಿನ ಮನೆಯ ಬಾವಿಯನ್ನು ಬತ್ತಿಸಿ, ತೊಳೆದು, ಕ್ಲೋರಿನ್ ಹಾಕಿಸಿದೆವು. ಮುಂದಿನ ಮಳೆಗಾಲದಲ್ಲಿ ಸೀಸೆ ಕಪ್ಪಾಗಲಿಲ್ಲ. ಮೊದಲೇ ಎರಡು ದಿನ ವ್ಯಯಿಸಿದ್ದರೆ ಒಂದು ಮಗು ನರಳುವುದು ತಪ್ಪುತ್ತಿತ್ತು.

ಬೇಸಿಗೆಯ ಉತ್ತರ, ಮಳೆಗಾಲದ ಸತ್ಯ

ಇಂಗು ಪರೀಕ್ಷೆಯೊಂದನ್ನೇ ನಂಬಿಕೊಳ್ಳಬಾರದು. ನಮ್ಮಲ್ಲಿ ಕಟ್ಟಡದ ಕೆಲಸ ನಡೆಯುವುದು ಬೇಸಿಗೆಯಲ್ಲಿ. ಏಪ್ರಿಲ್‌ನಲ್ಲಿ ಹತ್ತು ಮೀಟರ್ ಕೆಳಗಿದ್ದ ನೀರು ಪುಷ್ಯ ಮಳೆಯ ಹೊತ್ತಿಗೆ ಕೈಗೆಟಕುವಷ್ಟು ಮೇಲೆ ಬಂದಿರುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವಾಗ ಇನ್ನೇನಾಗಬೇಕು? ಆಗ ಗುಂಡಿಯ ತಳ ಅಂತರ್ಜಲದಲ್ಲೇ ಮುಳುಗಿ, ಗುಂಡಿ ಮತ್ತು ಬಾವಿ ಒಂದೇ ಪಾತ್ರೆಯಾಗುತ್ತವೆ. ಗುಂಡಿಯ ತಳಕ್ಕೂ ಮಳೆಗಾಲದ ಅತಿ ಮೇಲಿನ ನೀರಿನ ಮಟ್ಟಕ್ಕೂ ನಡುವೆ 2 ಮೀಟರಿನಷ್ಟು ನೀರು ತುಂಬದ ಮಣ್ಣು ಇದ್ದರೆ ಕ್ಷೇಮ. ಅಷ್ಟಿಲ್ಲದ ಕಡೆ ಆಳದ ಗುಂಡಿ ಸಲ್ಲದು.

ಈ ಮಟ್ಟ ತಿಳಿಯಲು ಮೂರು ದಾರಿಗಳಿವೆ. ಮೊದಲನೆಯದು, ಮಘೆ ಮಳೆಯ ಹೊತ್ತಿಗೆ ಅಕ್ಕಪಕ್ಕದ ಬಾವಿಗಳಿಗೆ ಹಗ್ಗ ಇಳಿಸಿ ಅಳೆಯುವುದು. ಎರಡನೆಯದು, ಹಿರಿಯರನ್ನು ಕೇಳುವುದು. ಯಾವ ದರೆಯಲ್ಲಿ ಯಾವ ಮಳೆಗೆ ಒರತೆ ಏಳುತ್ತದೆಂದು ಅವರಿಗೆ ಗೊತ್ತು. ಮೂರನೆಯದು, ಹೊಸದಾಗಿ ಕಡಿದ ದರೆಯ ಬಣ್ಣ ನೋಡುವುದು. ವರ್ಷದಲ್ಲಿ ಬಹುಕಾಲ ನೀರು ನಿಲ್ಲುವ ಪದರ ಬೂದುಬಣ್ಣಕ್ಕೆ ತಿರುಗಿ, ನಡುನಡುವೆ ತುಕ್ಕಿನ ಚುಕ್ಕೆಗಳು ಮೂಡಿರುತ್ತವೆ. ಆದರೆ ಜಂಬಿಟ್ಟಿಗೆಯ ನಾಡಿನಲ್ಲಿ ಒಂದು ಎಚ್ಚರ ಬೇಕು. ಇಲ್ಲಿನ ಕೆಂಪು, ಹಳದಿ, ಬಿಳಿಯ ಚಿತ್ತಾರಗಳು ಎಷ್ಟೋ ಸಾವಿರ ವರ್ಷಗಳ ಹಿಂದಿನವೂ ಆಗಿರಬಹುದು. ಆದ್ದರಿಂದ ಬಣ್ಣದ ಸಾಕ್ಷಿಯನ್ನು ಬಾವಿಯ ಸಾಕ್ಷಿಯೊಂದಿಗೆ ಹೊಂದಿಸಿಯೇ ತೀರ್ಮಾನಿಸಬೇಕು.

ಮನೆಯ ಹಿಂದೆ ಕಡಿದ ದರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡುವುದು ಇನ್ನೊಂದು ಅಪಾಯ. ಮಳೆಯಿಂದ ನೆನೆದು ಭಾರವಾದ ಇಳಿಜಾರಿಗೆ ನಾವೇ ದಿನವೂ ನೀರು ಕುಡಿಸಿದಂತೆ. 2023ರ ಜನವರಿಯಲ್ಲಿ ಹಿಮಾಲಯದ ಜೋಶಿಮಠ ಬಿರುಕುಬಿಟ್ಟಾಗ, ತಜ್ಞರು ಗುರುತಿಸಿದ ಹಲವು ಕಾರಣಗಳಲ್ಲಿ ಚರಂಡಿಯಿಲ್ಲದೆ ನೆಲಕ್ಕಿಳಿದ ಮನೆಬಳಕೆಯ ನೀರೂ ಒಂದು. 2018ರ ಕೊಡಗನ್ನು ಕಂಡ ನಾವು ನಮ್ಮ ದರೆಗಳ ವಿಷಯದಲ್ಲಿ ಅಸಡ್ಡೆ ಮಾಡಬಾರದು.

ಒಂದೇ ನಕ್ಷೆ ಸಾಲದು

2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಆರಂಭವಾದ ಮೇಲೆ, ಮನೆಯೊಂದಕ್ಕೆ 12,000 ರೂಪಾಯಿ ಪ್ರೋತ್ಸಾಹಧನದೊಂದಿಗೆ ಮಲೆನಾಡಿನ ಒಂಟಿಮನೆಗಳಿಗೂ ಶೌಚಾಲಯ ಬಂತು. ಕತ್ತಲಾಗುವುದನ್ನು ಕಾಯುತ್ತಿದ್ದ ಹೆಣ್ಣುಮಕ್ಕಳಿಗೆ ಅದು ದೊಡ್ಡ ಬಿಡುಗಡೆ. ಆ ಕೆಲಸವನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಅಭಿಯಾನ ಒತ್ತುಕೊಟ್ಟ ಜೋಡಿಗುಂಡಿಯ ಮಾದರಿಯೂ ತಕ್ಕ ಮಣ್ಣಿನಲ್ಲಿ ಉತ್ತಮವಾದದ್ದೇ. ನೀರು ಮೇಲಿರುವ ಕಡೆ, ಬಂಡೆಯಿರುವ ಕಡೆ ಬೇರೆ ಮಾದರಿ ಅನುಸರಿಸಲು ಕೈಪಿಡಿಗಳಲ್ಲಿ ಅವಕಾಶವೂ ಇದೆ. ಆದರೆ ಗುದ್ದಲಿ ಹಿಡಿದವನ ಕೈಗೆ ತಲುಪುವುದು ಒಂದೇ ನಕ್ಷೆ. ಬಯಲುಸೀಮೆಯ ಎರೆಭೂಮಿಗೂ ಅದೇ, ನಮ್ಮ ಮುರಕಲ್ಲಿನ ಗುಡ್ಡಕ್ಕೂ ಅದೇ!

ಅದರ ಮೇಲೆ ನೀರಿನ ಬಳಕೆ ಬದಲಾಗಿದೆ. ಚೊಂಬಿನಲ್ಲಿ ಒಂದೂವರೆ, ಎರಡು ಲೀಟರ್ ನೀರು ಹೊಯ್ಯುವ ಲೆಕ್ಕದಲ್ಲಿ ರೂಪಿಸಿದ ಗುಂಡಿಗೆ ಈಗ ಫ್ಲಶ್ ಟ್ಯಾಂಕು, ಸ್ನಾನದ ನೀರು, ಬಟ್ಟೆ ತೊಳೆಯುವ ಯಂತ್ರದ ನೀರು ಎಲ್ಲವೂ ಸೇರುತ್ತಿವೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಗುರಿ ದಿನಕ್ಕೆ ತಲಾ 55 ಲೀಟರ್ ನೀರು. ಐದು ಜನರ ಮನೆಗೆ 275 ಲೀಟರ್. ಬಂದ ನೀರು ಹೋಗಲೇಬೇಕು. ಎಲ್ಲಿಗೆ ಎಂಬ ಪ್ರಶ್ನೆಗೆ ಯೋಜನೆಯ ಕೊಳವೆಯಷ್ಟೇ ಗಟ್ಟಿಯಾದ ಉತ್ತರವನ್ನು ನಾವು ಸಿದ್ಧಮಾಡಿಕೊಂಡಿಲ್ಲ. ಇನ್ನು ಗುಡ್ಡದ ನೆತ್ತಿಯಲ್ಲಿ ಏಳುತ್ತಿರುವ ಹೋಂಸ್ಟೇ, ರೆಸಾರ್ಟುಗಳ ಮಾತು ಬೇರೆಯೇ. ಅವುಗಳ ಕೆಳಗೆ ಅಬ್ಬಿಯ ನೀರನ್ನು ಹಾಗೆಯೇ ಕುಡಿಯುವ ಮನೆಗಳಿವೆ. ವಾರಾಂತ್ಯದ ನಲವತ್ತು ಅತಿಥಿಗಳ ಕೊಳೆಯನ್ನು ಆ ಗುಡ್ಡದ ಮಣ್ಣು ಸೋಸಬಲ್ಲದೇ ಎಂದು ಪರವಾನಗಿ ಕೊಡುವ ಮೊದಲು ಕೇಳುವವರು ಯಾರು?

ಮಣ್ಣು ಒಲ್ಲೆನೆಂದ ಮಾತ್ರಕ್ಕೆ ಶೌಚಾಲಯವೇ ಬೇಡವೆಂದಲ್ಲ. ಬೇರೆ ದಾರಿಗಳಿವೆ. ನೀರಿನ ಮಟ್ಟ ಮೇಲಿದ್ದರೆ ನೆಲದ ಮೇಲೆಯೇ ಮರಳು, ಮಣ್ಣಿನ ದಿಬ್ಬ ಮಾಡಿ ಅದರಲ್ಲಿ ಇಂಗಿಸಬಹುದು. ಜಂಬಿಟ್ಟಿಗೆ ಅತಿವೇಗವಾಗಿ ಹೀರುತ್ತಿದ್ದರೆ ಗುಂಡಿಯ ತಳವನ್ನು ಮುಚ್ಚಿ, ರಿಂಗಿನ ಸುತ್ತ ಅರ್ಧ ಮೀಟರ್ ದಪ್ಪಕ್ಕೆ ಮರಳು ತುಂಬಿಸಬಹುದು. ಜೇಡಿಮಣ್ಣಾದರೆ ಜಲ್ಲಿ ತುಂಬಿದ ತೊಟ್ಟಿಯಲ್ಲಿ ಕ್ಯಾನಾ ಗಿಡ ಬೆಳೆಸಿ ಅದರ ಮೂಲಕ ನೀರನ್ನು ಹಾಯಿಸಬಹುದು. ಎಲ್ಲಕ್ಕಿಂತ ಅಗ್ಗದ ಉಪಾಯ ನಮ್ಮ ಅಜ್ಜಿಯರದು: ಬಚ್ಚಲಿನ ನೀರನ್ನು ಬಾಳೆ, ಕೆಸುವಿನ ಬುಡಕ್ಕೆ ಬಿಡುವುದು. ಅದನ್ನು ಶೌಚದ ನೀರಿನಿಂದ ಬೇರ್ಪಡಿಸಿದರೆ ಗುಂಡಿಯ ಹೊರೆ ಬಹುಪಾಲು ಇಳಿಯುತ್ತದೆ. ಯಾವ ದಾರಿ ಯಾರಿಗೆ ಎಂಬುದನ್ನು ಮಾತ್ರ ಆ ಜಾಗದ ಮಣ್ಣೇ ಹೇಳಬೇಕು.

ಪರೀಕ್ಷೆಯೆಂದರೆ ಇನ್ನೊಂದು ಕಾಗದ, ಇನ್ನೊಂದು ಅಲೆದಾಟ ಎಂದು ಕೆಲವರು ಆಕ್ಷೇಪಿಸಬಹುದು. ಆ ಭಯ ಸಕಾರಣವಾದದ್ದು. ಅದಕ್ಕಾಗಿಯೇ ಈ ಕೆಲಸ ಕಚೇರಿಯ ಮೇಜಿಗೆ ಹೋಗದೆ ಊರಿನ ಕೈಯಲ್ಲೇ ಉಳಿಯಬೇಕೆಂದು ನಾನು ವಾದಿಸುತ್ತೇನೆ. ಗ್ರಾಮಸಭೆಯಲ್ಲಿ ಒಂದು ಠರಾವು ಸಾಕು: ಹೊಸ ಗುಂಡಿಗೆ ಮೊದಲು ಇಂಗು ಪರೀಕ್ಷೆ ಮತ್ತು ಹತ್ತಿರದ ಬಾವಿಯ ಮಳೆಗಾಲದ ಅಳತೆ. ಗುಡ್ಡದ ನೆತ್ತಿಯ ವಾಣಿಜ್ಯ ಕಟ್ಟಡಗಳಿಗೆ ಇದು ಕಡ್ಡಾಯ. ಪರೀಕ್ಷೆ ಮಾಡಿಕೊಡಲು ಪ್ರೌಢಶಾಲೆ, ಕಾಲೇಜುಗಳ ಮಕ್ಕಳಿದ್ದಾರೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಹತ್ತು ಬಾವಿಗಳನ್ನು ಆರಿದ್ರಾದಿಂದ ಮಘೆಯವರೆಗೆ ವಾರಕ್ಕೊಮ್ಮೆ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಯಾವ ಇಲಾಖೆಯ ಬಳಿಯೂ ಇಲ್ಲದ ನಿಮ್ಮೂರಿನ ದಾಖಲೆ ಅದಾಗುತ್ತದೆ.

ಗುಡ್ಡಗಾಡಿನಲ್ಲಿ ಪ್ರತಿಯೊಂದು ಮನೆಗೂ ಒಂದು ಮೇಲಿನ ಮನೆ, ಒಂದು ಕೆಳಗಿನ ಮನೆ ಇರುತ್ತದೆ. ನಾವು ಬಿಟ್ಟದ್ದನ್ನು ಕೆಳಗಿನವರು ಕುಡಿಯುತ್ತಾರೆ. ಮೇಲಿನವರು ಬಿಟ್ಟದ್ದನ್ನು ನಾವು ಕುಡಿಯುತ್ತೇವೆ. ಅಕ್ಕನ ಮನೆಗೆ ನಾನು ಈಗಲೂ ಹೋಗುತ್ತೇನೆ. ಹೋದಾಗಲೆಲ್ಲ ಅವರು ಬಾವಿಯಿಂದ ಆಗಷ್ಟೇ ಸೇದಿದ ನೀರಿನ ಜೊತೆ ಬೆಲ್ಲ ತಂದಿಡುತ್ತಾರೆ. ಆ ನೀರನ್ನು ಕುಡಿಯುವಾಗ ಪ್ರತಿ ಸಲವೂ ನನಗೆ ಆ ಎಳೆಹಸಿರು ಬಣ್ಣ ನೆನಪಾಗುತ್ತದೆ. ಗುಂಡಿ ತೋಡಲು ಹಾರೆ ಎತ್ತುವ ಮೊದಲು ನಿಮಗೂ ನಿಮ್ಮ ಕೆಳಗಿನ ಮನೆಯ ಬಾವಿ ನೆನಪಾಗಲಿ.